ಹೊರಿಸಿದವನ ಹೊಣೆ

1818ರ ಮಾರ್ಚ್ 15ರಂದು ನಾಗಪುರದ ದೊರೆ ಅಪ್ಪಾಸಾಹೇಬ ಭೋಸಲೆಯನ್ನು ಇಂಗ್ಲಿಷರು ಸೆರೆಹಿಡಿದರು. ಹಿಡಿಯಲು ಕೊಟ್ಟ ಕಾರಣಗಳಲ್ಲಿ ಒಂದು ರಾಜಕೀಯದ್ದು: ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಮತ್ತೆ ಒಳಸಂಚು ನಡೆಸುತ್ತಿದ್ದಾನೆ ಎಂಬುದು. ಇನ್ನೊಂದು ಕೊಲೆಯ ಆರೋಪ. ತನಗಿಂತ ಮೊದಲು ಗಾದಿಯಲ್ಲಿದ್ದ ಪರಸೋಜಿ ಭೋಸಲೆಯನ್ನು, ತನ್ನದೇ ದೊಡ್ಡಪ್ಪನ ಮಗನನ್ನು, ಕೊಲ್ಲಿಸಿದವನು ಇವನೇ ಎಂದರು.

ಪರಸೋಜಿ ಸತ್ತದ್ದು 1817ರ ಫೆಬ್ರವರಿ 1ರಂದು. ದೇಹದಲ್ಲೂ ಬುದ್ಧಿಯಲ್ಲೂ ಬಲವಿಲ್ಲದ ಆ ಅರಸನ ಹೆಸರಿನಲ್ಲಿ ಆಡಳಿತ ನಡೆಸುತ್ತಿದ್ದವನು ಅಪ್ಪಾಸಾಹೇಬ. ಬೆಳಗಾಗುವಾಗ ಪರಸೋಜಿ ಹಾಸಿಗೆಯಲ್ಲಿ ಹೆಣವಾಗಿದ್ದ. ಅಪ್ಪಾಸಾಹೇಬ ಆಗ ಊರಲ್ಲಿರಲಿಲ್ಲ, ಚಾಂದಾದಲ್ಲಿದ್ದ. ಗಾದಿ ಅವನಿಗೇ ಬಂತು, ಇಂಗ್ಲಿಷರೂ ಅದನ್ನು ಒಪ್ಪಿಕೊಂಡರು. ಆದರೆ ಬೇಗನೆ ಇಬ್ಬರ ನಡುವೆ ಯುದ್ಧ ಹತ್ತಿತು: ಅದೇ ವರ್ಷದ ನವೆಂಬರ್ 26ರ ಸಂಜೆ ನಾಗಪುರದ ಸೀತಾಬರ್ಡಿಯ ಜೋಡಿ ಗುಡ್ಡಗಳ ಸುತ್ತ ಗುಂಡು ಹಾರಿತು. ಗುಡ್ಡಗಳ ಪಶ್ಚಿಮಕ್ಕೆ ಕಂಪನಿಯ ರೆಸಿಡೆಂಟ್ ರಿಚರ್ಡ್ ಜೆಂಕಿನ್ಸ್‌ನ ಬಂಗಲೆ, ಪೂರ್ವಕ್ಕೆ ಭೋಸಲೆಯವರ ನಗರ. ಸಣ್ಣ ಗುಡ್ಡ ಒಮ್ಮೆ ಭೋಸಲೆಯ ಅರಬ್ ಸೈನಿಕರ ಕೈಗೆ ಹೋಯಿತು, ಮತ್ತೆ ಕಂಪನಿಯ ಕೈಗೆ ಬಂತು. 27ರ ಮಧ್ಯಾಹ್ನದ ಹೊತ್ತಿಗೆ ಭೋಸಲೆ ಸೈನ್ಯ ಹಿಂದೆ ಸರಿದಿತ್ತು. ಡಿಸೆಂಬರ್ 16ರಂದು ಅಪ್ಪಾಸಾಹೇಬ ತಾನೇ ಬಂದು ಶರಣಾದ.

ಸೋತ ಮೇಲೆ ಕೊಲೆಯ ಆರೋಪಕ್ಕೆ ಬೇರೆಯೇ ತೂಕ ಬಂತು. ಆದರೆ ಅದನ್ನು ಯಾವ ನ್ಯಾಯಾಲಯವೂ ವಿಚಾರಿಸಲಿಲ್ಲ. ಅಪ್ಪಾಸಾಹೇಬನ ಎದುರು ಸಾಕ್ಷಿಗಳನ್ನು ನಿಲ್ಲಿಸಲಿಲ್ಲ, ಪಾಟೀಸವಾಲು ನಡೆಯಲಿಲ್ಲ. ಅಲಹಾಬಾದಿನ ಕೋಟೆಯಲ್ಲಿಡಲು ಅವನನ್ನು ಸಾಗಿಸಿದರು. ಮೇ 13ರ ರಾತ್ರಿ ಜಬಲಪುರದ ಬಳಿ ಅವನು ಸಿಪಾಯಿಯ ಉಡುಪು ತೊಟ್ಟು ತಪ್ಪಿಸಿಕೊಂಡ. ಮಹಾದೇವ ಬೆಟ್ಟಗಳ ಗೊಂಡರ ನಡುವೆ ಅವಿತು, ಅಸೀರ್‌ಗಢ ದಾಟಿ, ಪಂಜಾಬಿನವರೆಗೂ ಅಲೆದು, ಕೊನೆಗೆ ಜೋಧಪುರದ ಆಶ್ರಯದಲ್ಲಿ 1840ರಲ್ಲಿ ಸತ್ತ. ಇಂಗ್ಲಿಷರ ಇತಿಹಾಸಗಳೂ ಗೆಜೆಟಿಯರುಗಳೂ ಆ ಕೊಲೆಯನ್ನು ರುಜುವಾದ ಸಂಗತಿಯಂತೆಯೇ ಬರೆದವು. ಅವನು ಕೊಲ್ಲಿಸಿದ್ದಿರಬಹುದು, ಸಿಂಹಾಸನಗಳ ಸುತ್ತ ಅಂಥದ್ದು ಅಪರೂಪವಲ್ಲ. ಆದರೆ ಹೊರಿಸಿದವರೇ ಹಿಡಿದರು, ಹಿಡಿದವರೇ ತೀರ್ಪು ಬರೆದರು. ಆರೋಪ ಸುಳ್ಳಾಗಿದ್ದರೆ ಅವರನ್ನು ಕೇಳುವವರು ಯಾರೂ ಇರಲಿಲ್ಲ. ಸೀತಾಬರ್ಡಿಯ ಗುಡ್ಡವನ್ನು ಗೆದ್ದವರಿಗೆ ಆ ಅನುಕೂಲವೂ ದಕ್ಕಿತ್ತು.

ಹೊರಿಸಿದವನೂ ಉತ್ತರ ಹೇಳಬೇಕು ಎಂಬ ವಿಚಾರ ಈ ನೆಲಕ್ಕೆ ಹೊಸದಾಗಿರಲಿಲ್ಲ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದಾಗ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಇಂದಿನ ಬಸವಕಲ್ಯಾಣದಲ್ಲಿ ಹುಟ್ಟಿದ ಆ ಗ್ರಂಥ ಮುಂದೆ ಬ್ರಿಟಿಷ್ ಕೋರ್ಟುಗಳಲ್ಲಿ ಆಸ್ತಿ ಪಾಲಿನ ಪುಸ್ತಕವಾಗಿಯೇ ಹೆಸರಾಯಿತು. ನಾಗಪುರದ ಕಚೇರಿಗಳಲ್ಲೂ ಹಿಂದೂ ಕುಟುಂಬಗಳ ಹಿಸ್ಸೆಯ ಜಗಳ ಅದರ ಆಧಾರದ ಮೇಲೇ ತೀರುತ್ತಿತ್ತು. ಆದರೆ ಅದರ ವ್ಯವಹಾರಾಧ್ಯಾಯದಲ್ಲಿ ವಕೀಲರು ಅಷ್ಟಾಗಿ ತೆರೆಯದ ಪುಟಗಳಿವೆ. ಇಲ್ಲದ ಹಣಕ್ಕೆ ಸುಳ್ಳು ದಾವೆ ಹೂಡಿದವನು ಕೇಳಿದ ಮೊತ್ತದ ಎರಡರಷ್ಟು ತೆರಬೇಕು ಎಂಬುದು ಸ್ಮೃತಿಯ ನಿಯಮ. ಜಾತಿಯಿಂದ ಹೊರಬೀಳಿಸುವಂಥ ಪಾತಕವನ್ನು ಒಬ್ಬನ ಮೇಲೆ ಹೊರಿಸಿ ಆಡಿದವನಿಗೆ 'ಮಧ್ಯಮ ಸಾಹಸ' ಎಂಬ ನಡುಮಟ್ಟದ ದಂಡ. ಪಾತಕ ಸಣ್ಣದಾದರೆ ದಂಡವೂ ಇಳಿಯುತ್ತದೆ. ಹೊರಿಸಿದ ಅಪರಾಧ ಎಷ್ಟು ಗುರುತರವೋ ಹೊರಿಸಿದವನ ದಂಡವೂ ಅಷ್ಟಕ್ಕೆ ತಕ್ಕಂತೆ ಏರುತ್ತದೆ.

ಇದನ್ನೇ ಇನ್ನೂ ಕಟುವಾಗಿ ಹೇಳುವ ಗ್ರಂಥ ಲೋಕಕ್ಕೆ ಮತ್ತೆ ಸಿಕ್ಕಿದ್ದು ಮೈಸೂರಿನಲ್ಲಿ. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದರು. 1909ರಲ್ಲಿ ಮೈಸೂರಿನಿಂದಲೇ ಅದು ಅಚ್ಚಾಯಿತು. ಕಳ್ಳನಲ್ಲದವನನ್ನು ಕಳ್ಳನೆಂದವನಿಗೆ ಕಳ್ಳನ ಶಿಕ್ಷೆಯೇ ಆಗಬೇಕು ಎಂದು ಅದರ ನಾಲ್ಕನೆಯ ಅಧಿಕರಣ ವಿಧಿಸುತ್ತದೆ. ಹಗೆಯಿಂದ ಹೆಸರು ಸಿಕ್ಕಿಸಲಾಗಿದೆ ಎಂದು ಕಂಡರೆ ಅಂಥವನನ್ನು ನಿರ್ದೋಷಿ ಎಂದು ಸಾರಬೇಕು. ನಿರ್ದೋಷಿಯನ್ನು ಸೆರೆಯಲ್ಲಿಟ್ಟ ಅಧಿಕಾರಿಗೂ ದಂಡವಿದೆ. ಅಲ್ಲಿಯೇ ಪುರಾಣದ ಋಷಿ ಆಣಿಮಾಂಡವ್ಯನ ಪ್ರಸ್ತಾಪ ಬರುತ್ತದೆ. ಚಿತ್ರಹಿಂಸೆಯ ಭಯಕ್ಕೆ ಕಳ್ಳನಲ್ಲದವನೂ ತಾನೇ ಕಳ್ಳನೆಂದು ಒಪ್ಪಿಕೊಳ್ಳಬಲ್ಲ, ಆದ್ದರಿಂದ ಒಪ್ಪಿಗೆಯನ್ನಷ್ಟೇ ನೆಚ್ಚಬೇಡಿ ಎಂಬ ಎಚ್ಚರಿಕೆ ಅದು. ಇವೆಲ್ಲ ಊರೂರಿನಲ್ಲಿ ಹೀಗೆಯೇ ನಡೆಯುತ್ತಿದ್ದವು ಎಂದು ನಂಬಬೇಕಿಲ್ಲ. ಇದೇ ಶಾಸ್ತ್ರಗಳಲ್ಲಿ ಜಾತಿಗೊಂದು ದಂಡವಿತ್ತು, ಮೇಲಿನವನ ಸುಳ್ಳಿಗೆ ಅಗ್ಗದ ಬೆಲೆ, ಕೆಳಗಿನವನ ಸುಳ್ಳಿಗೆ ದುಬಾರಿ ಬೆಲೆ.

1853ರ ಡಿಸೆಂಬರಿನಲ್ಲಿ ನಾಗಪುರದ ದೊರೆ ಮೂರನೆಯ ರಘೂಜಿ ಗಂಡುಸಂತಾನವಿಲ್ಲದೆ ತೀರಿಕೊಂಡ. ಗವರ್ನರ್ ಜನರಲ್ ಡಾಲ್‌ಹೌಸಿ ನಾಗಪುರವನ್ನು ನುಂಗಿದ. 1861ರಲ್ಲಿ ಸೆಂಟ್ರಲ್ ಪ್ರಾವಿನ್ಸಸ್ ರೂಪುಗೊಂಡು ನಾಗಪುರ ಅದರ ರಾಜಧಾನಿಯಾಯಿತು. ಮರುವರ್ಷ ಜನವರಿ 1ರಿಂದ ಭಾರತೀಯ ದಂಡ ಸಂಹಿತೆ ಜಾರಿಗೆ ಬಂತು. ಮೆಕಾಲೆ 1837ರಲ್ಲೇ ಕರಡು ಮುಗಿಸಿದ್ದ. 1860ರಲ್ಲಿ ಅದು ಕಾನೂನಾಯಿತು.

ಸುಳ್ಳು ಆರೋಪದ ವಿಷಯದಲ್ಲಿ ಆ ಸಂಹಿತೆ ಮೆದುವಾಗಿರಲಿಲ್ಲ. ಸರ್ಕಾರಿ ನೌಕರನಿಗೆ ಸುಳ್ಳು ಮಾಹಿತಿ ಕೊಟ್ಟರೆ 182ನೆಯ ಕಲಂ. ಹಾನಿ ಮಾಡುವ ಉದ್ದೇಶದಿಂದ, ಸುಳ್ಳೆಂದು ತಿಳಿದೂ ಅಪರಾಧ ಹೊರಿಸಿದರೆ 211; ಹೊರಿಸಿದ ಅಪರಾಧಕ್ಕೆ ಮರಣ, ಜೀವಾವಧಿ ಅಥವಾ ಏಳು ವರ್ಷ ಇಲ್ಲವೇ ಅದಕ್ಕೆ ಮೇಲ್ಪಟ್ಟ ಶಿಕ್ಷೆಯಿದ್ದರೆ ಹೊರಿಸಿದವನಿಗೆ ಏಳು ವರ್ಷದವರೆಗೆ ಸೆರೆ. ಗಲ್ಲಿಗೇರುವಂಥ ಅಪರಾಧದಲ್ಲಿ ಒಬ್ಬನನ್ನು ಸಿಕ್ಕಿಸಲು ಸುಳ್ಳು ಸಾಕ್ಷಿ ಹೇಳಿದರೆ 194ನೆಯ ಕಲಮಿನ ಕೆಳಗೆ ಜೀವಾವಧಿವರೆಗೆ ಶಿಕ್ಷೆ. ಆ ಸಾಕ್ಷಿಯಿಂದ ನಿರಪರಾಧಿ ನೇಣಿಗೇರಿಯೇಬಿಟ್ಟರೆ ಸುಳ್ಳು ಸಾಕ್ಷಿಗೂ ಮರಣದಂಡನೆ ಆಗಬಹುದು. 195ನೆಯ ಕಲಮಂತೂ ಕೌಟಿಲ್ಯನ ಮಾತನ್ನೇ ಬೇರೆ ದಾರಿಯಿಂದ ಬಂದು ಮುಟ್ಟಿತು: ಗುರುತರ ಅಪರಾಧಕ್ಕೆ ಸುಳ್ಳು ಪುರಾವೆ ಕಟ್ಟಿದವನಿಗೆ ಆ ಅಪರಾಧದ ಶಿಕ್ಷೆಯೇ.

ಇಷ್ಟು ಕಠಿಣ ಕಾನೂನು ಇದ್ದೂ ಸುಳ್ಳು ದೂರು ಕೊಟ್ಟವರು ಜೈಲಿಗೆ ಹೋದ ಸುದ್ದಿ ಯಾಕೆ ವಿರಳ? ಉತ್ತರ ದಂಡ ಸಂಹಿತೆಯಲ್ಲಿಲ್ಲ, ಅದರ ಪಕ್ಕದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದೆ. ಕೋರ್ಟಿನ ನಡಾವಳಿಗೆ ಸಂಬಂಧಿಸಿದ ಸುಳ್ಳು ಆರೋಪದ ಮೇಲೆ ಯಾರು ಬೇಕಾದರೂ ಮೊಕದ್ದಮೆ ಹೂಡುವಂತಿಲ್ಲ. ಮೊದಮೊದಲು ಆರೋಪಕ್ಕೆ ಗುರಿಯಾದವನು ಕೋರ್ಟಿನಿಂದ 'ಮಂಜೂರಿ' ಪಡೆದು ತಾನೇ ಮೊಕದ್ದಮೆ ನಡೆಸಬಹುದಿತ್ತು. ಆ ಮಂಜೂರಿ ಹಗೆ ತೀರಿಸುವ ಆಯುಧವಾಯಿತು. ಒಂದು ಜಗಳದಲ್ಲಿ ಗೆದ್ದವನು ಅದನ್ನು ಕಿಸೆಯಲ್ಲಿಟ್ಟುಕೊಂಡು ಎದುರಾಳಿಯನ್ನು ಬೆದರಿಸುವುದು ಸಾಮಾನ್ಯವಾಗಿತ್ತು. 1923ರ ತಿದ್ದುಪಡಿ ಅದನ್ನು ಕಿತ್ತುಹಾಕಿತು. ಅಲ್ಲಿಂದ ಇಲ್ಲಿಯವರೆಗೆ, ಇಂಥ ಸುಳ್ಳಿನ ವಿರುದ್ಧ ನ್ಯಾಯಾಲಯವೇ ಲಿಖಿತ ದೂರು ಕೊಡಬೇಕು. 1898ರ ಸಂಹಿತೆಯಲ್ಲಿ ಅದು 476ನೆಯ ಕಲಂ, 1973ರದರಲ್ಲಿ 340, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 379. ಸುಳ್ಳಿನಿಂದ ನೊಂದವನು ಅರ್ಜಿ ಹಾಕಬಹುದು, ಅಷ್ಟೇ. ನ್ಯಾಯದ ಹಿತಕ್ಕೆ ಇದು ಅಗತ್ಯವೇ ಎಂದು ತೂಗಿ ನೋಡುವುದು ನ್ಯಾಯಾಧೀಶರ ಕೆಲಸ. ನೂರಾರು ಪ್ರಕರಣಗಳು ಮೇಜಿನ ಮೇಲಿರುವ ನ್ಯಾಯಾಧೀಶರು ಖುಲಾಸೆಯ ತೀರ್ಪು ಬರೆದ ಮೇಲೆ ಇನ್ನೊಂದು ಮೊಕದ್ದಮೆಯನ್ನು ತಾವೇ ಹುಟ್ಟುಹಾಕುವುದು ಕಡಿಮೆ. 1923ರ ಬದಲಾವಣೆಗೆ ಕಾರಣಗಳಿದ್ದವು. ಆದರೆ ಅದರಿಂದ ನಷ್ಟವಾದದ್ದು ನಿಜವಾಗಿ ನೊಂದವನಿಗೆ.

ನಾಗಪುರಕ್ಕೆ ತನ್ನದೇ ಹೈಕೋರ್ಟು ಬಂದದ್ದು 1936ರ ಜನವರಿಯಲ್ಲಿ. ಸಿವಿಲ್ ಲೈನ್ಸ್‌ನಲ್ಲಿ ಅದಕ್ಕೆ ಕಟ್ಟಿದ ಗುಮ್ಮಟದ ಕಟ್ಟಡ 1940ರಲ್ಲಿ ತೆರೆಯಿತು. 1956ರ ನವೆಂಬರ್ 1ರಂದು, ಕನ್ನಡ ನಾಡು ಒಂದಾದ ದಿನವೇ, ನಾಗಪುರ ಮುಂಬಯಿ ರಾಜ್ಯಕ್ಕೆ ಸೇರಿ ಅಲ್ಲಿಗೆ ಮುಂಬಯಿ ಹೈಕೋರ್ಟಿನ ಪೀಠ ಬಂತು. ಆ ಇಪ್ಪತ್ತು ವರ್ಷಗಳಲ್ಲಿ ಅಲ್ಲಿಂದ ಹೊರಟ ಒಂದು ಪ್ರಕರಣವನ್ನು ದೇಶದ ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಆರೋಪಿಯ ಅಡ್ಡಹೆಸರಿನಲ್ಲಿ ಗದಗ ಜಿಲ್ಲೆಯ ನರಗುಂದ ಇದೆ: ಹನುಮಂತ ಗೋವಿಂದ ನರಗುಂದಕರ್.

ಅವರು ಅಂದಿನ ಸೆಂಟ್ರಲ್ ಪ್ರಾವಿನ್ಸಸ್‌ನ ಅಬಕಾರಿ ಕಮಿಷನರ್. ಸಿವನಿಯ ಡಿಸ್ಟಿಲರಿಯ ಗುತ್ತಿಗೆಗೆ 1946ರಲ್ಲಿ ಟೆಂಡರ್ ಕರೆದಿದ್ದರು. ತಮ್ಮ ಸ್ನೇಹಿತ ಆರ್.ಎಸ್. ಪಟೇಲ್‌ಗೆ ಅದು ಸಿಗಲೆಂದು ಬೇರೆಯವರ ದರ ನೋಡಿ ಟೆಂಡರನ್ನೇ ಬದಲಿಸಿದರು, ಆಮೇಲೆ ಹಿಂದಿನ ತಾರೀಖು ಹಾಕಿ ಸುಳ್ಳು ಪತ್ರ ಸೃಷ್ಟಿಸಿದರು ಎಂದು ಭ್ರಷ್ಟಾಚಾರ ನಿಗ್ರಹ ದಳ ದೂರಿತು. ನಾಗಪುರದ ವಿಶೇಷ ಮ್ಯಾಜಿಸ್ಟ್ರೇಟರು ಇಬ್ಬರಿಗೂ ಶಿಕ್ಷೆ ವಿಧಿಸಿದರು. ಸೆಷನ್ಸ್ ನ್ಯಾಯಾಧೀಶರು ಒಳಸಂಚಿನ ಆರೋಪವನ್ನು ಕೈಬಿಟ್ಟು ಖೋಟಾ ದಾಖಲೆಯದನ್ನು ಉಳಿಸಿದರು. ಹೈಕೋರ್ಟೂ ಒಪ್ಪಿತು. ವಾದವೆಲ್ಲ ಕೊನೆಗೆ ಬಂದು ನಿಂತದ್ದು ಒಂದು ಟೈಪ್‌ರೈಟರಿನ ಮೇಲೆ. ಪತ್ರದ ಮೇಲಿದ್ದ ತಾರೀಖು ನವೆಂಬರ್ 20. ಅದನ್ನು ಟೈಪು ಮಾಡಿದ ಯಂತ್ರ ನಾಗಪುರಕ್ಕೆ ಬಂದದ್ದೇ ಡಿಸೆಂಬರ್ ಕೊನೆಗೆ ಎಂಬುದು ಸರ್ಕಾರದ ವಾದ. ಅಕ್ಷರದ ಮೊಳೆ ನೋಡಿ ಯಂತ್ರವನ್ನು ಗುರುತಿಸುವ ತಜ್ಞನ ಅಭಿಪ್ರಾಯ ಅಂದಿನ ಸಾಕ್ಷ್ಯ ಅಧಿನಿಯಮದ ಪ್ರಕಾರ ನಿಲ್ಲುವುದಿಲ್ಲ ಎಂದು 1952ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟು ಹೇಳಿತು. ನ್ಯಾಯಮೂರ್ತಿ ಮಹಾಜನ್ ಬರೆದ ಆ ತೀರ್ಪು ಇಬ್ಬರನ್ನೂ ಬಿಡುಗಡೆ ಮಾಡಿತು. ಸಂದರ್ಭಗಳ ಸರಪಳಿ ಅಪರಾಧದತ್ತ ಮಾತ್ರ ಬೊಟ್ಟು ಮಾಡಬೇಕು, ನಿರಪರಾಧಕ್ಕೆ ಒಂದಿಷ್ಟೂ ಎಡೆ ಉಳಿಯಬಾರದು, ಊಹೆಯು ಪುರಾವೆಯ ಜಾಗದಲ್ಲಿ ಕೂರಬಾರದು ಎಂಬ ನಿಯಮ ಅಲ್ಲಿಂದಲೇ ದೇಶದ ಕೋರ್ಟುಗಳಿಗೆಲ್ಲ ಹರಡಿತು. ಯಂತ್ರದ ಬಗೆಗಿನ ಆ ಮಾತನ್ನು ಸುಪ್ರೀಂ ಕೋರ್ಟು 1996ರಲ್ಲಿ ತಿದ್ದಿಕೊಂಡಿದೆ. ಸರಪಳಿಯ ನಿಯಮ ಮಾತ್ರ ಹಾಗೆಯೇ ಇದೆ.

ಈ ತೀರ್ಪು ನರಗುಂದಕರ್ ಮೇಲಿನ ದೂರನ್ನು ಸುಳ್ಳೆಂದು ಸಾರಲಿಲ್ಲ. ಪುರಾವೆ ಸಾಲದು ಎಂದಿತು. ಸಾಬೀತಾಗದ ದೂರೆಲ್ಲ ಸುಳ್ಳು ದೂರಲ್ಲ. ಸುಳ್ಳು ಎನ್ನಬೇಕಾದರೆ ದೂರು ಕೊಟ್ಟವನಿಗೆ ಅದು ಸುಳ್ಳೆಂದು ಗೊತ್ತಿತ್ತು, ಗೊತ್ತಿದ್ದೂ ಹಾನಿಗಾಗಿಯೇ ಹೊರಿಸಿದ ಎಂದು ತೋರಿಸಬೇಕು. ಸಾಕ್ಷಿ ತಿರುಗಿಬಿದ್ದು ಖುಲಾಸೆಯಾದ ಪ್ರತಿ ಅತ್ಯಾಚಾರದ, ಪ್ರತಿ ದೌರ್ಜನ್ಯದ ಪ್ರಕರಣವನ್ನೂ 'ಸುಳ್ಳು ಕೇಸು' ಎನ್ನುವವರು ಈ ಗೆರೆಯನ್ನು ಅಳಿಸುತ್ತಾರೆ. ಅದು ನೊಂದವರಿಗೆ ಮಾಡುವ ಎರಡನೆಯ ಅನ್ಯಾಯ.

ಪೊಲೀಸರಿಗೆ ಈ ಗೆರೆ ಮೊದಲಿನಿಂದಲೂ ಗೊತ್ತು. ಮುಂಬಯಿ ಪದ್ಧತಿಯ ಠಾಣೆಗಳಲ್ಲಿ, ಸೀತಾಬರ್ಡಿ ಠಾಣೆಯಲ್ಲೂ, ತನಿಖೆ ಮುಗಿದ ಮೇಲೆ ಬರೆಯುವ ವರದಿಗೆ ಮೂರು ಅಕ್ಷರಗಳಿವೆ. ಘಟನೆ ನಿಜ, ಆರೋಪಿ ಪತ್ತೆಯಿಲ್ಲ ಎಂದರೆ ಎ ಸಮ್ಮರಿ. ದುರುದ್ದೇಶದ ಸುಳ್ಳು ದೂರು ಎಂದರೆ ಬಿ ಸಮ್ಮರಿ. ನಿಜವೂ ಅಲ್ಲ ಸುಳ್ಳೂ ಅಲ್ಲ, ತಪ್ಪು ತಿಳಿವಳಿಕೆ ಅಥವಾ ಸಿವಿಲ್ ತಕರಾರು ಎಂದರೆ ಸಿ ಸಮ್ಮರಿ. ಕರ್ನಾಟಕದಲ್ಲಿ 'ಬಿ ರಿಪೋರ್ಟ್' ಎಂದರೆ ಸುಳ್ಳೂ ಇರಬಹುದು, ತಪ್ಪು ಗ್ರಹಿಕೆಯೂ ಇರಬಹುದು. ಎರಡೂ ಒಂದೇ ಚೀಲದಲ್ಲಿ ಬೀಳುತ್ತವೆ. ಬೇರ್ಪಡಿಸಿ ಬರೆಯುವ ಮುಂಬಯಿ ಕ್ರಮವೇ ಮೇಲು.

ಸುಳ್ಳು ಹೇಳುವವರು ಸಮವಸ್ತ್ರದಲ್ಲಿದ್ದರೆ? ಆ ಪ್ರಶ್ನೆ 1954ರಲ್ಲಿ ನಾಗಪುರದವರೇ ಆದ ವಿವಿಯನ್ ಬೋಸ್ ಮುಂದೆ ಬಂತು. ಅವರು ನಾಗಪುರ ವಿಶ್ವವಿದ್ಯಾಲಯದ ಮೊದಲ ಕುಲಪತಿ ಬಿಪಿನ್ ಕೃಷ್ಣ ಬೋಸರ ಮೊಮ್ಮಗ, ನಾಗಪುರ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದು ಸುಪ್ರೀಂ ಕೋರ್ಟಿಗೆ ಹೋದವರು. ಮದರಾಸಿನಲ್ಲಿ ಇಬ್ಬರನ್ನು ಪೊಲೀಸರು ಅಕ್ರಮವಾಗಿ ಇಟ್ಟುಕೊಂಡಿದ್ದಾರೆ ಎಂದು ಹೇಬಿಯಸ್ ಕಾರ್ಪಸ್ ಅರ್ಜಿ ಹೋಗಿತ್ತು. ತಮ್ಮ ವಶದಲ್ಲಿ ಅವರಿರಲಿಲ್ಲ ಎಂದು ಸಬ್ ಇನ್ಸ್‌ಪೆಕ್ಟರುಗಳು ಪ್ರಮಾಣಪತ್ರ ಸಲ್ಲಿಸಿದರು. ವಿಚಾರಣೆಯಲ್ಲಿ ಅದು ಸುಳ್ಳೆಂದು ಕಂಡಿತು; ಹೈಕೋರ್ಟು ಸುಳ್ಳು ಸಾಕ್ಷ್ಯದ ಮೊಕದ್ದಮೆಗೆ ಆದೇಶಿಸಿತು. ಇತ್ತ ನಷ್ಟಪರಿಹಾರದ ಸಿವಿಲ್ ದಾವೆಗಳೂ ಇದ್ದವು. ಯಾವುದು ಮೊದಲು? ಕ್ರಿಮಿನಲ್ ಪ್ರಕರಣವೇ ಮೊದಲು ಎಂದು ಬೋಸ್ ಬರೆದರು. ತಪ್ಪಿತಸ್ಥನಿಗೆ ಶಿಕ್ಷೆ ನೆನಪು ಮಾಸುವ ಮುನ್ನ ಆಗಬೇಕು, ನಿರಪರಾಧಿಗೆ ಬಿಡುಗಡೆಯೂ ಅಷ್ಟೇ ಬೇಗ ಆಗಬೇಕು ಎಂಬುದು ಅವರ ತರ್ಕ.

ಒಬ್ಬೊಬ್ಬರ ಮೇಲಲ್ಲ, ಇಡೀ ಸಮುದಾಯದ ಮೇಲೆ ಕಾನೂನೇ ಆರೋಪ ಹೊರಿಸಿದ ಕಾಲವೂ ಒಂದಿತ್ತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಹುಟ್ಟಿದ ಮಗುವನ್ನೇ ಅಪರಾಧಿಗಳ ಪಟ್ಟಿಗೆ ಸೇರಿಸಿತು. ಪಾರ್ಧಿಗಳು, ಕೊರಮರು, ಕೊರಚರು ಊರು ಬಿಟ್ಟು ಹೋಗಲು ಪೊಲೀಸರ ಚೀಟಿ ಬೇಕಿತ್ತು. ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಅವರನ್ನು ಕೂಡಿಹಾಕಿದ ವಸತಿಗಳಿದ್ದವು. ಹುಬ್ಬಳ್ಳಿಯಲ್ಲಿ 'ಸೆಟ್ಲ್‌ಮೆಂಟ್' ಎಂದರೆ ಇಂದಿಗೂ ಜನ ಜಾಗ ತೋರಿಸುತ್ತಾರೆ. 1952ರ ಆಗಸ್ಟ್ 31ರಂದು ಆ ಕಾಯ್ದೆ ಹೋಯಿತು. ಎಂಬತ್ತು ವರ್ಷಗಳ ಆ ಸುಳ್ಳಿಗೆ ಯಾರೂ ದಂಡ ತೆರಲಿಲ್ಲ. ದುರ್ಬಲರ ಮೇಲಿನ ಸುಳ್ಳು ಮೊಕದ್ದಮೆಯನ್ನೇ ಪ್ರತ್ಯೇಕ ಅಪರಾಧ ಎಂದು ಕಾನೂನು ಒಪ್ಪಿದ್ದು 1989ರಲ್ಲಿ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಬಂದಾಗ.

ಇತ್ತೀಚಿನ ಎರಡು ಪ್ರಕರಣಗಳು ಕನ್ನಡಿಗರಿಗೆ ಹತ್ತಿರದವು. 1994ರಲ್ಲಿ ಕೇರಳ ಪೊಲೀಸರು ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಮತ್ತಿತರರ ಮೇಲೆ ಬೇಹುಗಾರಿಕೆಯ ಆರೋಪ ಹೊರಿಸಿದರು. ರಷ್ಯಾದ ಗ್ಲಾವ್‌ಕಾಸ್ಮೋಸ್ ಸಂಸ್ಥೆಯ ಭಾರತದ ಪ್ರತಿನಿಧಿ, ಬೆಂಗಳೂರಿನ ಕೆ. ಚಂದ್ರಶೇಖರ್ ಕೂಡ ಆರೋಪಿ. ಆರೋಪ ನಿರಾಧಾರ ಎಂದು ಸಿಬಿಐ 1996ರಲ್ಲೇ ವರದಿ ಕೊಟ್ಟಿತು. ಸುಪ್ರೀಂ ಕೋರ್ಟು ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಘೋಷಿಸಿದ್ದು 2018ರ ಸೆಪ್ಟೆಂಬರ್ 14ರಂದು. ಆ ದಿನ ಚಂದ್ರಶೇಖರ್ ಬೆಂಗಳೂರಿನ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು. ತೀರ್ಪು ಅವರ ಕಿವಿಗೆ ಬೀಳಲಿಲ್ಲ. ಎರಡು ದಿನಕ್ಕೆ ತೀರಿಕೊಂಡರು.

ಇನ್ನೊಂದು 2025ರದು. ಕೊಡಗಿನ ಆದಿವಾಸಿಯೊಬ್ಬ ತನ್ನ ಹೆಂಡತಿ ಕಾಣೆಯಾಗಿದ್ದಾಳೆಂದು ತಾನೇ ಪೊಲೀಸರಿಗೆ ದೂರು ಕೊಟ್ಟಿದ್ದ. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಕಡೆ ಸಿಕ್ಕ ಅಸ್ಥಿಪಂಜರವನ್ನು ಆಕೆಯದೆಂದು ಹೇಳಿ ಅವನನ್ನೇ ಕೊಲೆ ಆರೋಪದಲ್ಲಿ ಜೈಲಿಗೆ ಹಾಕಿದರು. ಡಿಎನ್‌ಎ ಹೊಂದಲಿಲ್ಲ. ಏಪ್ರಿಲ್ 1ರಂದು ಆಕೆ ಮಡಿಕೇರಿಯ ಹೋಟೆಲೊಂದರಲ್ಲಿ ಊಟ ಮಾಡುತ್ತಿದ್ದುದನ್ನು ಅವನ ಗೆಳೆಯರು ಕಂಡರು. ಮೈಸೂರಿನ ಸೆಷನ್ಸ್ ನ್ಯಾಯಾಲಯ ಅದೇ ತಿಂಗಳು ಅವನನ್ನು ಖುಲಾಸೆ ಮಾಡಿ, 1 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿ, ಸುಳ್ಳು ಪುರಾವೆ ಕಟ್ಟಿದ್ದಕ್ಕೆ ತನಿಖಾಧಿಕಾರಿಯ ಮೇಲೆ ಕ್ರಮಕ್ಕೆ ಸೂಚಿಸಿತು. ಸತ್ತಳೆಂದವಳು ಜೀವಂತ ಬಂದು ನಿಂತಾಗ ಮಾತ್ರ ಸುಳ್ಳು ಇಷ್ಟು ನಿಚ್ಚಳವಾಗುತ್ತದೆ. ಉಳಿದವರಿಗೆ ಆ ಅದೃಷ್ಟವಿಲ್ಲ.

2024ರ ಜುಲೈ 1ರಿಂದ ಹಳೆಯ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಇದೆ. 211 ಈಗ 248 ಆಗಿದೆ. ಸಾಮಾನ್ಯ ಸುಳ್ಳು ಆರೋಪಕ್ಕೆ ಐದು ವರ್ಷದವರೆಗೆ, ಮರಣ ಅಥವಾ ಜೀವಾವಧಿ ಅಥವಾ ಹತ್ತು ವರ್ಷ ಇಲ್ಲವೇ ಅದಕ್ಕೆ ಮೇಲ್ಪಟ್ಟ ಶಿಕ್ಷೆಯ ಅಪರಾಧವನ್ನು ಸುಳ್ಳಾಗಿ ಹೊರಿಸಿದರೆ ಹತ್ತು ವರ್ಷದವರೆಗೆ ಸೆರೆ. ಶಿಕ್ಷೆ ಏರಿತು, ಆದರೆ ನೊಂದವನ ಪಾಲಿಗೆ ಬಹಳ ಬದಲಾಗಲಿಲ್ಲ. ಕಾರಣವಿಲ್ಲದೆ ಬಂಧನ ಮಾಡಿಸಿದವನಿಂದ ಮ್ಯಾಜಿಸ್ಟ್ರೇಟರು ಕೊಡಿಸಬಹುದಾದ ಪರಿಹಾರ ಮೊದಲು 100 ರೂಪಾಯಿ ಇತ್ತು, ಆಮೇಲೆ 1,000 ಆಯಿತು, ಹೊಸ ಸಂಹಿತೆಯ 399ನೆಯ ಕಲಮಿನಲ್ಲೂ ಅದೇ 1,000. ಆಧಾರವಿಲ್ಲದ ದೂರಿಗೆ ಪರಿಹಾರ ಕೊಡಿಸುವ ಇನ್ನೊಂದು ಕಲಂ ಮ್ಯಾಜಿಸ್ಟ್ರೇಟರು ವಿಚಾರಿಸುವ ಪ್ರಕರಣಗಳಿಗೆ ಮಾತ್ರ. ಕೊಲೆ, ಅತ್ಯಾಚಾರದಂಥ ಸೆಷನ್ಸ್ ಪ್ರಕರಣಗಳಿಗೆ ಅನ್ವಯಿಸುವುದಿಲ್ಲ. ಅಂದರೆ ಆರೋಪ ದೊಡ್ಡದಾದಷ್ಟೂ ಸುಲಭದ ಪರಿಹಾರ ದೂರವಾಗುತ್ತದೆ. ಹೊಸ ಸಂಹಿತೆ ಬರೆಯುವಾಗ ಇದನ್ನು ತಿದ್ದಬೇಕಿತ್ತು. ತಿದ್ದದಿದ್ದದ್ದು ತಪ್ಪು.

ದೂರು ಕೊಡಲು ಯಾರೂ ಹೆದರಬೇಕಿಲ್ಲ. ವಾರಂಟಿಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು 2013ರ ಲಲಿತಾ ಕುಮಾರಿ ತೀರ್ಪು ಹೇಳಿದೆ, ಮತ್ತು ನಂಬಿಕೆಯಿಂದ ಕೊಟ್ಟ ದೂರು ಬಿದ್ದುಹೋದರೆ ಅದು ಅಪರಾಧವಲ್ಲ. ಬೇಕೆಂದೇ ಹೆಣೆದ ಸುಳ್ಳಿಗೆ ಗುರಿಯಾದವರು ಎರಡು ದಾರಿಗಳನ್ನು ನೆನಪಿಡಬೇಕು. ಒಂದು, ವಿಚಾರಣೆ ನಡೆಸಿದ ನ್ಯಾಯಾಲಯದ ಮುಂದೆಯೇ 379ನೆಯ ಕಲಮಿನಡಿ ಅರ್ಜಿ. ಇನ್ನೊಂದು, ದುರುದ್ದೇಶದ ಮೊಕದ್ದಮೆ ಎಂದು ನಷ್ಟಪರಿಹಾರದ ಸಿವಿಲ್ ದಾವೆ. ದೂರು ಕೊಟ್ಟು ಪೊಲೀಸರನ್ನು ಎಬ್ಬಿಸಿದವನೂ ಇದರಲ್ಲಿ ಹೊಣೆ ಎಂದು ಪ್ರಿವಿ ಕೌನ್ಸಿಲ್ 1926ರಲ್ಲೇ ಹೇಳಿದೆ. ಆದರೆ ಈ ದಾವೆಗೆ ಅವಧಿ ಕಡಿಮೆ: ಖುಲಾಸೆಯಾದ ದಿನದಿಂದ ಒಂದೇ ವರ್ಷ.